ಅಗ್ಗವೆಲ್ಲವೂ ಲಾಭವೆ?

‘ಬಿಟ್ಟಿ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ’ ಎಂಬುದು ಕನ್ನಡದ ಹಳೆಯ ಗಾದೆ. ಕಡಮೆ ಬೆಲೆಗೆ ವಸ್ತು ದೊರೆಯುತ್ತದೆ ಎಂದೊಡನೆ ಅದು ತನಗೆ ಬೇಕೆ, ಬೇಡವೆ ಎಂದು ಯೋಚಿಸುವುದನ್ನೇ ಮನುಷ್ಯ ಮರೆಯುತ್ತಾನೆ ಎಂಬ ಅನುಭವ ಈ ಮಾತಿನಲ್ಲಿ ಅಡಗಿದೆ. ಆಷಾಢಮಾಸದ ರಿಯಾಯಿತಿ ಮಾರಾಟದಲ್ಲಿ ಬಟ್ಟೆಯಂಗಡಿಗಳ ಮುಂದೆ ನೆರೆಯುವ ಜನರನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಈಗ ಇಂಥದೇ ಸಂತೆ ಗಣಕಯಂತ್ರದ ತೆರೆಯ ಮೇಲೂ ನೆರೆಯುತ್ತದೆ. ಅಲ್ಲಿ ಮಾರಾಟಕ್ಕಿರುವುದು ವಿಡಿಯೊ ಆಟಗಳು. ಕೊಳ್ಳಲು ತವಕಪಡುವವರಲ್ಲಿ ವಿದ್ಯಾರ್ಥಿಗಳೂ ಉಂಟು.

ಅಮೆರಿಕದ ವಾಲ್ವ್ ಸಂಸ್ಥೆ 2003ರಲ್ಲಿ ಆರಂಭಿಸಿದ ‘ಸ್ಟೀಮ್’ ಎಂಬ ಮಳಿಗೆ ಇಂಥ ಮಾರುಕಟ್ಟೆಗಳಲ್ಲಿ ಪ್ರಸಿದ್ಧವಾದುದು. 2015ರಿಂದ ಅಲ್ಲಿ ಭಾರತದ ರೂಪಾಯಿಯಲ್ಲಿಯೇ ಬೆಲೆ ಕೊಡಬಹುದು. ಋತುಗಳ ಹೆಸರಿನಲ್ಲಿ ನಡೆಯುವ ಮಾರಾಟಗಳಲ್ಲಿ ಕೆಲವು ಆಟಗಳ ಬೆಲೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯುವುದುಂಟು. ವ್ಯಾಪಾರಿ ಇಷ್ಟೊಂದು ಉದಾರಿಯಾಗುವುದು ಹೇಗೆ? ಬಟ್ಟೆಯ ವ್ಯಾಪಾರಿ ಒಂದು ಸೀರೆಯನ್ನು ಮಾರಿದರೆ ಮತ್ತೊಂದನ್ನು ಹಣ ಕೊಟ್ಟು ತರಿಸಬೇಕು. ವಿಡಿಯೊ ಆಟವನ್ನು ರೂಪಿಸಲು ಅಪಾರ ಶ್ರಮ, ಹಣ ಬೇಕಾದರೂ ಒಮ್ಮೆ ಸಿದ್ಧವಾದ ಮೇಲೆ ಅದರ ಮತ್ತೊಂದು ಪ್ರತಿಯನ್ನು ಕಳುಹಿಸಲು ತಗಲುವ ವೆಚ್ಚ ಅತ್ಯಲ್ಪ. ಆದುದರಿಂದ, ಪೂರ್ಣ ಬೆಲೆಗೆ ಎಂದೂ ಕೊಳ್ಳದಿದ್ದವನು ಹತ್ತನೆಯ ಒಂದು ಪಾಲು ಕೊಟ್ಟರೂ ಮಾರುವವನಿಗೆ ಲಾಭವೇ. ಇದರಲ್ಲಿ ಮೋಸವಿಲ್ಲ, ಆದರೆ ದಾನವೂ ಇಲ್ಲ.

ಇಂಥ ಮಾರಾಟಗಳನ್ನು ಹಳಿಯುವುದು ನ್ಯಾಯವಲ್ಲ. ಅಲ್ಪ ವರಮಾನದ ಮನೆಯ ಹುಡುಗನೊಬ್ಬ ಸಿರಿವಂತರ ಮಕ್ಕಳು ಆಡುವ ಆಟವನ್ನು ತಾನೂ ಆಡಲು ಇವು ದಾರಿ ಮಾಡಿಕೊಡುತ್ತವೆ. ಆಟ ಹೊರಬಂದೊಡನೆ ಆತುರಪಡದೆ ಕಾದವನಿಗೆ ಮತ್ತೊಂದು ಅನುಕೂಲವೂ ಇದೆ. ಅಷ್ಟರಲ್ಲಿ ಆಟದ ಲೋಪದೋಷಗಳನ್ನು ಬಹುಮಟ್ಟಿಗೆ ತಿದ್ದಿರುತ್ತಾರೆ; ಆಡಿದವರ ಅಭಿಪ್ರಾಯವೂ ತಿಳಿದಿರುತ್ತದೆ. ಬಹುದಿನ ಬಯಸಿದ ಆಟವನ್ನು ಕಾದು ಅಗ್ಗಕ್ಕೆ ಕೊಳ್ಳುವವನು ಜಾಣನೇ ಸರಿ.

ತೊಡಕು ಹುಟ್ಟುವುದು ಅಗ್ಗವೇ ಬಯಕೆಯನ್ನು ಹುಟ್ಟಿಸಿದಾಗ. 1,600 ರೂಪಾಯಿಯ ಆಟ 160 ರೂಪಾಯಿಗೆ ದೊರೆತರೆ 1,440 ರೂಪಾಯಿ ಉಳಿಯಿತೆಂದು ಹುಡುಗನೊಬ್ಬ ಹಿಗ್ಗಬಹುದು. ಆ ಹಿಗ್ಗಿನಲ್ಲಿ ಅಂಥ ಹತ್ತು ಆಟಗಳನ್ನು ಕೊಂಡರೆ ಅವನ ಕೈಯಿಂದ ಹೋಗುವುದು 1,600 ರೂಪಾಯಿ. ಹತ್ತರಲ್ಲಿ ಒಂದನ್ನೇ ಆಡಿ ಉಳಿದ ಒಂಬತ್ತನ್ನು ಮರೆತರೆ, ಆ ಒಂದಕ್ಕೆ ಅವನು ತೆತ್ತದ್ದು ಪೂರ್ಣ ಬೆಲೆಯೇ ಆಯಿತು. ಉಳಿಯಿತೆಂದು ಎಣಿಸಿದ ಹಣ ಅವನ ಜೇಬಿನಲ್ಲಿಯೂ ಇಲ್ಲ, ದುಡಿದು ತಂದ ತಂದೆತಾಯಿಯರ ಕೈಯಲ್ಲಿಯೂ ಇಲ್ಲ.

ಹಣಕ್ಕಿಂತ ಮಿಗಿಲಾದ ಇನ್ನೊಂದು ಬೆಲೆಯನ್ನು ಯಾವ ಅಂಗಡಿಯವನೂ ಬರೆದು ತೋರಿಸುವುದಿಲ್ಲ. ಅದು ಹೊತ್ತು. ಕಥೆಯುಳ್ಳ ದೊಡ್ಡ ಆಟವೊಂದನ್ನು ಮುಗಿಸಲು 40 ಗಂಟೆ ಹಿಡಿಯುವುದು ಅಪರೂಪವಲ್ಲ. ಅಂಥ ಹತ್ತು ಆಟಗಳಿಗೆ 400 ಗಂಟೆ ಬೇಕು. ದಿನಕ್ಕೊಂದು ಗಂಟೆಯಂತೆ ಆಡಿದರೂ ಒಂದು ವರ್ಷ ಮೀರುತ್ತದೆ. ಪಾಠ, ಮೈದಾನದ ಆಟ, ಮನೆಗೆಲಸ, ನಿದ್ರೆ ಇವುಗಳ ನಡುವೆ ವಿದ್ಯಾರ್ಥಿಗೆ ಆ ಗಂಟೆಗಳು ಎಲ್ಲಿಂದ ಬರಬೇಕು? ಬೆಲೆಯಲ್ಲಿ ರಿಯಾಯಿತಿ ಕೊಡುವ ವ್ಯಾಪಾರಿ ಹೊತ್ತಿನಲ್ಲಿ ಒಂದು ನಿಮಿಷದ ರಿಯಾಯಿತಿಯನ್ನೂ ಕೊಡಲಾರ.

ಬೆಲೆ ಇಳಿದ ಮಾತ್ರಕ್ಕೆ ವಸ್ತು ಒಳ್ಳೆಯದಾಗುವುದಿಲ್ಲ ಎಂಬುದಕ್ಕೆ ವಿಡಿಯೊ ಆಟಗಳ ಚರಿತ್ರೆಯೇ ಸಾಕ್ಷಿ. 1982ರಲ್ಲಿ ಅಮೆರಿಕದ ಅಟಾರಿ ಸಂಸ್ಥೆ ‘ಇ.ಟಿ.’ ಎಂಬ ಜನಪ್ರಿಯ ಚಲನಚಿತ್ರವನ್ನು ಆಧರಿಸಿ, ಸುಮಾರು ಐದೇ ವಾರಗಳಲ್ಲಿ ಆಟವೊಂದನ್ನು ರೂಪಿಸಿ ಮಾರುಕಟ್ಟೆಗೆ ತಂದಿತು. ಅದು ಬಹುಮಂದಿಗೆ ರುಚಿಸಲಿಲ್ಲ. ಅಂಗಡಿಗಳವರು ಬೆಲೆ ಇಳಿಸಿದರೂ ಸರಕು ಕರಗಲಿಲ್ಲ. 1983ರಲ್ಲಿ ಅಟಾರಿ ಸಂಸ್ಥೆ ಮಾರಾಟವಾಗದ ಸರಕನ್ನು ನ್ಯೂ ಮೆಕ್ಸಿಕೊ ರಾಜ್ಯದ ಅಲಮೊಗಾರ್ಡೊ ಪಟ್ಟಣದ ಕಸದ ಹಳ್ಳದಲ್ಲಿ ಹೂಳಿಸಿತು. 2014ರಲ್ಲಿ ಅಲ್ಲಿ ಅಗೆದಾಗ ‘ಇ.ಟಿ.’ ಆಟದ ಪ್ರತಿಗಳು ಮಣ್ಣಿನಿಂದ ಹೊರಬಂದವು.

ಕೊಂಡ ಆಟ ಎಂದೆಂದಿಗೂ ಕೊಂಡವನದೇ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಪುಸ್ತಕವನ್ನು ಕೊಂಡವನು ಅದನ್ನು ಓದಿ ತಮ್ಮನಿಗೆ ಕೊಡಬಹುದು. ಸ್ಟೀಮ್‌ನಂಥ ಮಳಿಗೆಗಳಲ್ಲಿ ದೊರೆಯುವುದು ಆಡುವ ಪರವಾನಗಿ ಮಾತ್ರ. 2014ರಲ್ಲಿ ಹೊರಬಂದ ‘ದಿ ಕ್ರೂ’ ಎಂಬ ಕಾರುಪಂದ್ಯದ ಆಟಕ್ಕೆ ಅಂತರಜಾಲದ ಸಂಪರ್ಕ ಸದಾ ಬೇಕಾಗಿತ್ತು. ಅದರ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿದಾಗ, ಹಣ ಕೊಟ್ಟವರೂ ಆಡಲಾರದವರಾದರು. ಮಾರುತ್ತಿರುವುದು ಪರವಾನಗಿ ಮಾತ್ರ ಎಂಬುದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕೆಂದು ಕ್ಯಾಲಿಫೋರ್ನಿಯಾ ರಾಜ್ಯ ಅದೇ ವರ್ಷ ಕಾನೂನು ಮಾಡಿತು.

ಹಾಗಾದರೆ ಕೊಳ್ಳಬೇಕೆ, ಬಿಡಬೇಕೆ? ಕೊಳ್ಳುವವನು ಮೂರು ಪ್ರಶ್ನೆಗಳನ್ನು ತನಗೆ ತಾನೇ ಹಾಕಿಕೊಳ್ಳುವುದು ಒಳಿತು. ರಿಯಾಯಿತಿಯ ಸುದ್ದಿ ಬರುವ ಮುನ್ನವೇ ಈ ಆಟ ಬೇಕೆನಿಸಿತ್ತೆ? ಹಿಂದೆ ಕೊಂಡದ್ದನ್ನು ಆಡಿ ಮುಗಿಸಿದ್ದಾಯಿತೆ? ಈ ತಿಂಗಳಲ್ಲಿಯೇ ಇದನ್ನು ಆಡಲು ಬಿಡುವಿದೆಯೆ? ಮೂರಕ್ಕೂ ಹೌದೆಂಬ ಉತ್ತರ ಬಂದರೆ, ಮನೆಯ ಹಿರಿಯರಿಗೆ ತಿಳಿಸಿ ಸಂತೋಷದಿಂದ ಕೊಳ್ಳಬಹುದು. ಸ್ಟೀಮ್ ಮಳಿಗೆಯಲ್ಲಿ ಕೊಂಡ ಆಟ ಹಿಡಿಸದಿದ್ದರೆ, 2 ಗಂಟೆಗಿಂತ ಕಡಮೆ ಆಡಿದವರು 14 ದಿನಗಳೊಳಗೆ ಹಣವನ್ನು ಹಿಂದಕ್ಕೆ ಕೇಳುವ ಅವಕಾಶವೂ ಇದೆ. ಇಲ್ಲವೆಂಬ ಉತ್ತರ ಬಂದರೆ ಬಿಟ್ಟುಬಿಡುವುದೇ ಲೇಸು. ‘ಇಂದೇ ಕೊನೆಯ ದಿನ’ ಎಂಬ ಕೂಗಿಗೆ ಬೆದರಬೇಕಾದುದಿಲ್ಲ. ಆಷಾಢ ವರ್ಷವರ್ಷವೂ ಬರುವಂತೆ ರಿಯಾಯಿತಿಯೂ ಮತ್ತೆ ಮತ್ತೆ ಬರುತ್ತದೆ. ನೂರಿನ್ನೂರು ರೂಪಾಯಿಗಳ ಆಟದ ವಿಷಯದಲ್ಲಿ ಬೇಕುಬೇಡಗಳನ್ನು ತಾನೇ ತೂಗಿ ನೋಡಲು ಇಂದು ಕಲಿತವನು, ನಾಳೆ ಸಂಸಾರದ ದೊಡ್ಡ ವೆಚ್ಚಗಳು ಎದುರಾದಾಗಲೂ ಅನ್ಯರ ಕೂಗಿಗೆ ಮರುಳಾಗುವುದಿಲ್ಲ.