ಹೊಡೆತವೋ ಹೊಡೆದಾಟವೋ?

ಬೆಂಗಳೂರಿನ ಪಶ್ಚಿಮಕ್ಕಿರುವ ವಿಜಯನಗರದ ಯಾವುದಾದರೊಂದು ಆಟದ ಬಯಲನ್ನು ಊಹಿಸಿಕೊಳ್ಳಿ. ಸಂಜೆಯ ಹೊತ್ತು. ಚೆಂಡಿನ ವಿಷಯವಾಗಿ ಮಾತಿಗೆ ಮಾತು ಬೆಳೆದು, ದೊಡ್ಡ ಹುಡುಗನೊಬ್ಬನು ಚಿಕ್ಕವನ ಕೆನ್ನೆಗೆ ಬಾರಿಸುತ್ತಾನೆ. ಚಿಕ್ಕವನು ಅಳುತ್ತಾನೆಯೇ ಹೊರತು ಕೈಯೆತ್ತುವುದಿಲ್ಲ. ಸುದ್ದಿ ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಅದು ‘ಹುಡುಗರ ಹೊಡೆದಾಟ’ವಾಗಿರುತ್ತದೆ. ಹಿರಿಯರು ಬಂದು ಇಬ್ಬರ ಕಿವಿಯನ್ನೂ ಹಿಂಡುತ್ತಾರೆ. ಅವರಿಗೆ ಚಿಕ್ಕವನ ಮೇಲೆ ದ್ವೇಷವೇನೂ ಇಲ್ಲ. ಬಾಯಿಗೆ ಬಂದ ಪದವೇ ಅವರನ್ನು ದಾರಿ ತಪ್ಪಿಸಿತು.

ಕನ್ನಡವು ಈ ವಿಷಯದಲ್ಲಿ ಬಹಳ ಎಚ್ಚರದ ಭಾಷೆ. ಒಬ್ಬನು ಹೊಡೆದರೆ ಅದು ಹೊಡೆತ. ಅದಕ್ಕೆ ‘ಆಡು’ ಸೇರಿ ‘ಹೊಡೆದಾಟ’ವಾದೊಡನೆ ಇಬ್ಬರೂ ಪರಸ್ಪರ ಹೊಡೆದರೆಂದು ಅರ್ಥ. ಗುದ್ದಾಟ, ಬಡಿದಾಟ, ಕಿತ್ತಾಟ, ಕಚ್ಚಾಟ ಇವಕ್ಕೂ ಎರಡು ಕಡೆಯವರು ಬೇಕು. (ಓಡಾಟ, ಅಲೆದಾಟಗಳಲ್ಲಿ ಇದೇ ‘ಆಡು’ ಒಂದು ಕ್ರಿಯೆ ಮತ್ತೆ ಮತ್ತೆ ನಡೆಯುವುದನ್ನು ಸೂಚಿಸುತ್ತದೆ, ಆ ಮಾತು ಬೇರೆ.) ಪೆಟ್ಟು ತಿಂದವನನ್ನು ‘ಹೊಡೆದಾಡಿದವನು’ ಎಂದರೆ, ಅವನು ಮಾಡದ ತಪ್ಪಿನಲ್ಲಿ ಅವನಿಗೆ ಅರ್ಧ ಪಾಲನ್ನು ಹಂಚಿದಂತಾಯಿತು. ಜಗಳವೆಂಬುದು ಬಾಯಿಮಾತಿನಲ್ಲೇ ಮುಗಿಯಬಹುದು. ಕಾನೂನಿನ ಪ್ರಕಾರ ದೊಂಬಿ ಎನ್ನಬೇಕಾದರೆ ಐವರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಸೇರಿರಬೇಕು.

ಇನ್ನು ‘ಕಾಳಗ’ದ ಮಾತು. ಕೆಂಗೇರಿಯನ್ನು ಹಾದು ಮೈಸೂರಿನತ್ತ ಸಾಗುವ ಹೆದ್ದಾರಿಯಲ್ಲಿ ಚನ್ನಪಟ್ಟಣ ಸಿಗುತ್ತದೆ. ಜಟ್ಟಿಗಳು ನೆಲೆಸಿರುವ ಊರುಗಳಲ್ಲಿ ಅದೂ ಒಂದು. ಮೈಸೂರು, ಬೆಂಗಳೂರು, ಚಾಮರಾಜನಗರ, ಚನ್ನಪಟ್ಟಣಗಳ ಜಟ್ಟಿಗಳು ವಿಜಯದಶಮಿಯಂದು ಮೈಸೂರು ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗಕ್ಕೆ ಇಳಿಯುತ್ತಾರೆ. ತಲೆ ಬೋಳಿಸಿಕೊಂಡು, ಮೊನೆಗಳುಳ್ಳ ಆಯುಧವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಎದುರು ಬದುರು ನಿಲ್ಲುವ ನೋಟ ಭಯಂಕರವಾದುದು. ಆದರೆ ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ನಿಂತುಬಿಡುತ್ತದೆ. ಅಲ್ಲಿ ಒಪ್ಪಿಗೆಯುಂಟು, ಜೋಡಿಯುಂಟು, ಎಲ್ಲಿ ನಿಲ್ಲಿಸಬೇಕೆಂಬ ಎಲ್ಲೆಯುಂಟು. ಬೀದಿಯ ಬಡಿದಾಟಕ್ಕೆ ಇವುಗಳಲ್ಲಿ ಒಂದೂ ಇಲ್ಲ. ಹೀಗಿರುವಾಗ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದು ಜಟ್ಟಿಗೆ ಮಾಡುವ ಅವಮಾನ. ಪುಂಡನಿಗೆ ಸಲ್ಲಿಸುವ ಗೌರವ.

ಫಾರಸಿಯಿಂದ ಬಂದು ನಮ್ಮದೇ ಆಗಿಹೋದ ‘ಕುಸ್ತಿ’ಯೂ ನಿಯಮಕ್ಕೆ ಒಳಪಟ್ಟದ್ದೇ. ಗರಡಿಮನೆಯ ಮಾತುಗಳಂತೂ ಕುಸ್ತಿಯನ್ನು ಕಣ್ಣಾರೆ ಕಾಣದವರ ನಾಲಗೆಯ ಮೇಲೂ ನಲಿಯುತ್ತವೆ. ಹಟಮಾರಿಯು ಪಟ್ಟು ಹಿಡಿಯುತ್ತಾನೆ; ಎದುರಾಳಿಗೆ ಸೆಡ್ಡು ಹೊಡೆಯುತ್ತಾನೆ. ಸೌಮ್ಯನಾದ ಸಂಗೀತಗಾರನನ್ನೂ ಇಂಥ ಗುರುವಿನ ಗರಡಿಯಲ್ಲಿ ಪಳಗಿದವನೆಂದು ಹೊಗಳುವುದುಂಟು. ಸೋತರೂ ಸೋಲೊಪ್ಪದವನನ್ನು ಕಂಡಾಗ, ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂದು ನಗುತ್ತೇವೆ.

ಅದೇ ಹೆದ್ದಾರಿಯಲ್ಲಿ ಮುಂದೆ ಮದ್ದೂರು, ಅಲ್ಲಿಯೇ ಶಿವಪುರ. 1938ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ಸಿಗರು ನಿಷೇಧವನ್ನು ಲೆಕ್ಕಿಸದೆ ಅಲ್ಲಿ ಧ್ವಜ ಹಾರಿಸಲು ಮುಂದಾಗಿ ಬಂಧನಕ್ಕೆ ಒಳಗಾದರು. ಅದನ್ನು ಕಾಳಗವೆನ್ನಲಾಗದು, ಕದನವೆನ್ನಲಾಗದು. ಅದಕ್ಕೆ ಒಪ್ಪುವ ಪದ ಹೋರಾಟ. ಅದರಲ್ಲಿಯೂ ‘ಆಟ’ವಿದೆ, ಎದುರಾಳಿಯಿದ್ದಾನೆ, ಆದರೆ ಹೊಡೆತ ಇರಲೇಬೇಕೆಂದಿಲ್ಲ. ಮೈಕೈಯ ಸೆಣಸಿಗೆ ಹುಟ್ಟಿದ ಪದವೊಂದು ಕೈಯೆತ್ತದವನ ಧೈರ್ಯಕ್ಕೂ ಹೆಸರಾದದ್ದು ಸಾಮಾನ್ಯ ಸಂಗತಿಯಲ್ಲ.

ಪತ್ರಿಕೆಗಳಿಗೆ ಮಾತ್ರ ಈ ತಾರತಮ್ಯ ಬೇಡವಾಗಿದೆ. ಕ್ರಿಕೆಟ್ ಪಂದ್ಯವೂ ಸಮರ, ಚುನಾವಣೆಯೂ ಕದನ. ಕದನವೆಂಬುದಕ್ಕೆ ಸಂಸ್ಕೃತದಲ್ಲಿ ಸಂಹಾರವೆಂಬ ಅರ್ಥವುಂಟು. ದಿನವೂ ಇದನ್ನೇ ಓದುವವರಿಗೆ, ನಿಜವಾಗಿ ಜನ ಸಾಯುವ ಯುದ್ಧದ ಸುದ್ದಿ ಬಂದಾಗ ಎದೆ ನಡುಗೀತು ಹೇಗೆ?

ವಿಜಯನಗರದ ಆ ಚಿಕ್ಕ ಹುಡುಗನಿಗೆ ಈ ವ್ಯಾಕರಣವನ್ನು ಯಾರೂ ಕಲಿಸಿರಲಾರರು. ಆದರೂ ಅವನು ಮನೆಗೆ ಓಡಿಹೋಗಿ ಹೇಳುವ ಮಾತು, “ಅಮ್ಮಾ, ಅವನು ನನಗೆ ಹೊಡೆದ” ಎಂದೇ. “ನಾವು ಹೊಡೆದಾಡಿದೆವು” ಎಂದು ಅವನು ಹೇಳುವುದಿಲ್ಲ.