ದೂರು ಕೇಳುವವರಿಲ್ಲದ ಗಾದಿ

ನಾಡಿನ ಅಧಿಕಾರವೆಲ್ಲ ಒಬ್ಬನೇ ಮನುಷ್ಯನ ಕೈಗೆ ಏಕೆ ಸೇರುತ್ತದೆ? ಸೇರಿದ್ದು ಮುಂದೆ ಏಕೆ ಕೈತಪ್ಪುತ್ತದೆ? ಈ ಪ್ರಶ್ನೆಗೆ ರಷ್ಯದ ಝಾರ್ ದೊರೆಗಳ ಏಳುಬೀಳು ದೊಡ್ಡ ಉದಾಹರಣೆ. ನಮ್ಮ ಗಡಿಯಲ್ಲಿ, ಇಂದಿನ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತದಲ್ಲಿ, ಒಂದು ಸಣ್ಣ ಸಂಸ್ಥಾನವೂ ಎದ್ದು ಬಿದ್ದಿದೆ. ಎರಡನ್ನೂ ಜೊತೆಗಿಟ್ಟು ನೋಡಿದರೆ ಒಂದು ಮಾತು ಖಚಿತವಾಗುತ್ತದೆ: ಪ್ರಜೆಯ ದೂರಿಗೆ ಎಡೆಯಿಲ್ಲದ ಅಧಿಕಾರ ಎಷ್ಟೇ ಬಲವಾಗಿದ್ದರೂ ಬಾಳುವುದಿಲ್ಲ.

ಅರಸೊತ್ತಿಗೆ ಬಲಿಯುವುದು ಭಯದ ಕಾಲದಲ್ಲಿ. ಹದಿನೇಳನೆಯ ಶತಮಾನದ ಆರಂಭದಲ್ಲಿ ಬರ, ಒಳಜಗಳ, ಪೋಲೆಂಡಿನ ದಾಳಿಗಳಿಂದ ನಲುಗಿದ ರಷ್ಯದ ಜನ 1613ರಲ್ಲಿ ಸಭೆ ಸೇರಿ ಹದಿನಾರರ ಹುಡುಗ ಮಿಖಾಯಿಲ್ ರೊಮಾನೊವ್‌ನನ್ನು ದೊರೆಯಾಗಿ ಆರಿಸಿದರು. ನೆಮ್ಮದಿ ಬೇಕಿತ್ತು, ಅದಕ್ಕಾಗಿ ತಮ್ಮ ಹಕ್ಕನ್ನು ಒಪ್ಪಿಸಿದರು. 1649ರ ಕಾನೂನು ರೈತನನ್ನು ಭೂಮಾಲಿಕನ ನೆಲಕ್ಕೇ ಕಟ್ಟಿಹಾಕಿತು. ಆ ಕಟ್ಟು ಬಿಚ್ಚಿದ್ದು 1861ರಲ್ಲಿ.

ಜತ್ತದ ಡಫಳೆ ಮನೆತನ ಮೇಲೆದ್ದದ್ದೂ ಅಂಥದೇ ತಳಮಳದ ಕಾಲದಲ್ಲಿ. ಡಫಳಾಪುರದ ಪಾಟೀಲಕಿಯ ಈ ಮನೆತನದ ಸತ್ವಾಜಿರಾವ್‌ಗೆ ಬಿಜಾಪುರದ ಆದಿಲಶಾಹಿಯಿಂದ ದೇಶಮುಖಿ ಬಂತು. 1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು, ಆದರೆ ಮನೆತನ ಉಳಿದುಕೊಂಡಿತು. ಮುಂದೆ ಮರಾಠರ ಆಳ್ವಿಕೆ ಬಂತು. 1820ರಲ್ಲಿ ಇಂಗ್ಲಿಷರು ಒಪ್ಪಂದ ಮಾಡಿಕೊಂಡು ಜಹಗೀರನ್ನು ಖಾಯಂ ಮಾಡಿದರು. ಮೇಲಿನ ಒಡೆಯರು ಬದಲಾದಂತೆಲ್ಲ ಸನದು ಹೊಸದಾಯಿತು. ಉಮದಿ, ಸಂಖ ಕಡೆಯ ಕನ್ನಡದ ರೈತನನ್ನಾಗಲಿ, ಜತ್ತದ ಮರಾಠಿ ರೈತನನ್ನಾಗಲಿ ಯಾರೂ ಒಂದು ಮಾತು ಕೇಳಲಿಲ್ಲ.

ರಷ್ಯಕ್ಕೂ ಜತ್ತಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. ಝಾರ್‌ನ ಮೇಲೆ ಭೂಮಿಯಲ್ಲಿ ಯಾರೂ ಇರಲಿಲ್ಲ. ಜತ್ತದ ಒಡೆಯ ರೈತನ ಪಾಲಿಗೆ ಸರ್ವಾಧಿಕಾರಿ, ಮೇಲಿನವರ ಪಾಲಿಗೆ ಮಾಂಡಲಿಕ. ಕುದುರೆ ದಂಡು ಕಳಿಸುವುದರ ಬದಲಿಗೆ ಇಂಗ್ಲಿಷರಿಗೆ ವರ್ಷಕ್ಕೆ 6,400 ರೂಪಾಯಿ ಸಲ್ಲಬೇಕಿತ್ತು. 1827ರ ಸುಮಾರಿಗೆ ಸಾಲದ ಕಾರಣಕ್ಕೆ, ಆಗ ಮೇಲೊಡೆಯರಾಗಿದ್ದ ಸಾತಾರೆಯ ಮಹಾರಾಜರು ಜಹಗೀರನ್ನು ಜಪ್ತಿ ಮಾಡಿದರು. ಅದು ತಿರುಗಿ ಸಿಕ್ಕಿದ್ದು 1841ರಲ್ಲಿ. ಮುಂದೆ ಪ್ರಜೆಗಳ ಮೇಲಿನ ದಬ್ಬಾಳಿಕೆಯ ದೂರುಗಳು ಹೆಚ್ಚಿದಾಗ ಇಂಗ್ಲಿಷ್ ಸರಕಾರ 1874ರಿಂದ 1885ರವರೆಗೆ ಕಾರಭಾರವನ್ನೇ ತನ್ನ ಕೈಗೆ ತೆಗೆದುಕೊಂಡಿತು. ಭೀಕರ ಬರವೊಂದು ಈ ಸೀಮೆಯನ್ನು ಸುಟ್ಟದ್ದೂ ಅದೇ ವರ್ಷಗಳಲ್ಲಿ.

ಹಾಗಾದರೆ ದೂರಿಗೆ ನ್ಯಾಯ ಸಿಕ್ಕಿತೆನ್ನಬಹುದೆ? ಅರ್ಧ ಮಾತ್ರ. ಕೇಳಿದವರು ಪರದೇಶದವರು, ಕೇಳಿದ್ದು ತಮ್ಮ ವ್ಯವಸ್ಥೆ ಕೆಡಬಾರದೆಂದು. ಹನ್ನೊಂದು ವರ್ಷದ ಮೇಲೆ ಅಧಿಕಾರ ಮರಳಿ ಗಾದಿಗೇ ಹೋಯಿತು. ದಬ್ಬಾಳಿಕೆ ಮಾಡಿದವನನ್ನು ತಡೆದರು, ದಬ್ಬಾಳಿಕೆಗೆ ಅವಕಾಶ ಕೊಟ್ಟ ಪದ್ಧತಿಯನ್ನು ಹಾಗೇ ಬಿಟ್ಟರು.

ರಷ್ಯದಲ್ಲಿ ಆ ಅರ್ಧ ನ್ಯಾಯಕ್ಕೂ ದಾರಿ ಇರಲಿಲ್ಲ. 1905ರ ಜನವರಿ 22, ಭಾನುವಾರ. ಪೀಟರ್ಸ್‌ಬರ್ಗಿನ ಕಾರ್ಮಿಕರು ಹೆಂಡಿರು ಮಕ್ಕಳೊಡನೆ ಅರಮನೆಯತ್ತ ನಡೆದರು. ಅವರ ಕೈಯಲ್ಲಿದ್ದದ್ದು ದೇವರ ಪಟ, ದೊರೆಯ ಪಟ ಮತ್ತು ಒಂದು ಮನವಿ. ನಡುವಿನ ಅಧಿಕಾರಿಗಳು ಕೆಟ್ಟವರು, ದೊರೆ ತಂದೆಯಂಥವನು, ಅವನ ಕಿವಿಗೆ ಬಿದ್ದರೆ ಸಾಕು ಎಂಬ ನಂಬಿಕೆ ಇನ್ನೂ ಉಳಿದಿತ್ತು. ದೊರೆ ಅಂದು ಅರಮನೆಯಲ್ಲಿ ಇರಲೇ ಇಲ್ಲ. ಸೈನಿಕರು ಗುಂಡು ಹಾರಿಸಿದರು. ಸತ್ತವರ ಜೊತೆಗೆ ಆ ನಂಬಿಕೆಯೂ ಸತ್ತಿತು. ಆಮೇಲೆ ಡ್ಯೂಮಾ ಎಂಬ ಶಾಸನಸಭೆ ಬಂತು, ದೊರೆ ತನಗೆ ಬೇಡವಾದಾಗ ಅದನ್ನು ವಿಸರ್ಜಿಸುತ್ತ ಹೋದ. ಮಹಾಯುದ್ಧ ಮತ್ತು ಹಸಿವು ಕೂಡಿ 1917ರ ಮಾರ್ಚಿನಲ್ಲಿ ಎರಡನೆಯ ನಿಕೊಲಾಸ್ ಗಾದಿ ಬಿಟ್ಟಾಗ ಅವನ ಪರವಾಗಿ ನಿಲ್ಲುವವರು ಹೆಚ್ಚು ಜನ ಇರಲಿಲ್ಲ. ಮುಂದಿನ ವರ್ಷ ಅವನನ್ನೂ ಕುಟುಂಬವನ್ನೂ ಕೊಂದರು. ಅದು ಘೋರ ಅನ್ಯಾಯ. ಅದರಿಂದ ಪ್ರಜೆಯ ಬಾಯಿಗೆ ಹಾಕಿದ ಬೀಗವೂ ತೆರೆಯಲಿಲ್ಲ, ಬೀಗದ ಕೈ ಒಂದು ಪಕ್ಷದ ಪಾಲಾಯಿತು ಅಷ್ಟೆ.

ಮೂರನೆಯ ದಾರಿಯೊಂದಿತ್ತು. ಅದನ್ನು ತೋರಿಸಿದ್ದು ಜತ್ತದ ನೆರೆಯ ಔಂಧ. ಇಂದಿನ ಸಾಂಗಲಿ ಜಿಲ್ಲೆಯ ಆಟಪಾಡಿ, ವಿಜಯಪುರ ಕಡೆಯ ಗುಣದಾಳ ಆ ಸಂಸ್ಥಾನಕ್ಕೆ ಸೇರಿದ್ದವು. ಅಲ್ಲಿನ ರಾಜ ಭವಾನರಾವ್ ಪಂತ ಪ್ರತಿನಿಧಿ ಗಾಂಧೀಜಿಯವರ ಸಲಹೆ ಪಡೆದು 1939ರ ಜನವರಿಯಲ್ಲಿ ಸ್ವರಾಜ್ಯದ ಸಂವಿಧಾನ ಜಾರಿಗೆ ತಂದು, ಅಧಿಕಾರವನ್ನು ಗ್ರಾಮ ಪಂಚಾಯತಿಗಳಿಂದ ಮೇಲಕ್ಕೆ ಕಟ್ಟಲು ಹೊರಟರು. ದಂಗೆಯಾಗಲಿ ರಕ್ತಪಾತವಾಗಲಿ ಇಲ್ಲದೆ ಒಬ್ಬ ಅರಸ ತನ್ನ ಹಕ್ಕನ್ನು ಊರಿನ ಜನಕ್ಕೆ ಒಪ್ಪಿಸಿದ್ದು ನಮ್ಮ ಇತಿಹಾಸದ ದೊಡ್ಡ ಘಟನೆ. ಅದು ಶಾಲೆಯ ಪಾಠಗಳಲ್ಲಿ ಇನ್ನೂ ಹೆಚ್ಚು ಜಾಗ ಪಡೆಯಬೇಕು.

ಜತ್ತದ ರಾಜ್ಯ 1948ರ ಮಾರ್ಚ್ 8ರಂದು ಭಾರತದಲ್ಲಿ ವಿಲೀನವಾಯಿತು. ಆಸರೆಯಾಗಿದ್ದ ಇಂಗ್ಲಿಷರು ಹೋದ ಮೇಲೆ ಗಾದಿ ಒಂದು ವರ್ಷವೂ ನಿಲ್ಲಲಿಲ್ಲ. ಅಂದಿನಿಂದ ಅಲ್ಲಿನ ರೈತ ಪ್ರಜೆಯಲ್ಲ, ನಾಗರಿಕ. ಆದರೆ ಅರಸ ಹೋದ ಮಾತ್ರಕ್ಕೆ ಕೇಳುವ ಕಿವಿ ತಾನಾಗಿ ಹುಟ್ಟುವುದಿಲ್ಲ. ಜತ್ತದ ಪೂರ್ವ ಭಾಗದ ಹಳ್ಳಿಗಳು ಕೃಷ್ಣೆಯ ನೀರಿಗಾಗಿ ದಶಕಗಟ್ಟಲೆ ಕಾದವು. 2012ರಲ್ಲಿ ಕೆಲವು ಹಳ್ಳಿಗಳು ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದವು. 2022ರಲ್ಲಿ ಆ ಮಾತು ಮತ್ತೆ ಎದ್ದಾಗ ಎರಡೂ ರಾಜ್ಯಗಳು ಗಡಿಯ ಬಗ್ಗೆ ಗುಡುಗಿದವು. ರೈತ ಕೇಳಿದ್ದು ಮೊದಲು ನೀರನ್ನು.

ರಾಜ್ಯ ಬಿಡುತ್ತೇವೆಂದು ಹೆದರಿಸಿದ ಮೇಲೆ ಮಾತ್ರ ದೂರು ಕೇಳುವುದಾದರೆ, ನಮ್ಮ ಆಳ್ವಿಕೆ ಹಳೆಯ ಗಾದಿಗಿಂತ ಅಷ್ಟೇನೂ ದೂರ ಬಂದಿಲ್ಲ. ಠರಾವು ಮಾಡಿದ ಹಳ್ಳಿಗಳ ಮೇಲೆ ಸಿಟ್ಟಾಗಬೇಡಿ. ಝಾರ್‌ನ ರಷ್ಯದಲ್ಲಿ ಜನರಿಗೆ ಸಿಗದ ಹಕ್ಕನ್ನು ಅವರು ಬಳಸಿದ್ದಾರೆ. ಗ್ರಾಮಸಭೆಯಲ್ಲಿ ಎದ್ದ ಪ್ರಶ್ನೆಗೆ ಗೊತ್ತಾದ ಅವಧಿಯೊಳಗೆ ಬರವಣಿಗೆಯಲ್ಲಿ ಉತ್ತರ ಕೊಡುವುದನ್ನು ಎರಡೂ ಸರಕಾರಗಳು ತಮ್ಮ ಕರ್ತವ್ಯವೆಂದು ಒಪ್ಪಿಕೊಳ್ಳಲಿ.