ಆಫ್ರಿಕಾದ ಪ್ರಜಾಪ್ರಭುತ್ವವೂ ಲೋಕಾಭಿಪ್ರಾಯವೂ

ಪ್ರಜೆಗಳ ಮನಸ್ಸನ್ನು ಅರಿಯದೆ ಅವರ ಹೆಸರಿನಲ್ಲಿ ರಾಜ್ಯಭಾರ ಮಾಡುವುದು ಪ್ರಜಾಪ್ರಭುತ್ವವೆನಿಸಲಾರದು. ಈ ಮಾತು ಸಕಲ ದೇಶಗಳಿಗೂ ಸಲ್ಲುವುದಾದರೂ, ಆಫ್ರಿಕಾ ಖಂಡದಲ್ಲಿ ಅದರ ಪರೀಕ್ಷೆಯು ಬಲು ಕಠಿನವಾಗಿ ನಡೆಯುತ್ತಿರುವುದು. 2020ರಿಂದ 2023ರ ಒಳಗಾಗಿ ಮಾಲಿ, ಗಿನಿ, ಬುರ್ಕಿನಾ ಫಾಸೊ, ನೈಜರ್, ಗ್ಯಾಬೊನ್ ದೇಶಗಳಲ್ಲಿ ಸೈನ್ಯಾಧಿಕಾರಿಗಳು ಸರಕಾರಗಳನ್ನು ಉರುಳಿಸಿ ಅಧಿಕಾರವನ್ನು ಕೈವಶ ಮಾಡಿಕೊಂಡರು. ಇದನ್ನು ಕಂಡು, ಆ ಜನರಿಗೆ ಪ್ರಜಾಪ್ರಭುತ್ವವು ಒಗ್ಗದೆಂದು ತೀರ್ಪು ಕೊಡುವವರುಂಟು. ಪರರಾಳಿಕೆಯ ಕಾಲದಲ್ಲಿ ನಮ್ಮನ್ನು ಕುರಿತೂ ಇದೇ ಮಾತು ಕೇಳಿಬರುತ್ತಿದ್ದುದನ್ನು ವಾಚಕರು ಮರೆತಿರಲಾರರು.

ಆದರೆ ಆ ಜನರೇ ಏನು ಹೇಳುತ್ತಾರೆ? ಇದನ್ನು ಊಹೆಗೆ ಬಿಡದೆ ಕೇಳಿ ತಿಳಿಯುವ ಕಾರ್ಯವನ್ನು ಆಫ್ರೋಬ್ಯಾರೊಮೀಟರ್ ಎಂಬ ಸಂಸ್ಥೆಯು 1999ರಿಂದ ನಡೆಸಿಕೊಂಡು ಬಂದಿದೆ. ಘಾನಾ ಮತ್ತು ದಕ್ಷಿಣ ಆಫ್ರಿಕಾದ ಎರಡು ಸಂಸ್ಥೆಗಳೂ ಅಮೆರಿಕಾದ ಒಂದು ವಿಶ್ವವಿದ್ಯಾನಿಲಯವೂ ಕೂಡಿ ಇದನ್ನು ಹುಟ್ಟುಹಾಕಿದವು. ಮೊದಲ ಸುತ್ತಿನಲ್ಲಿ 12 ದೇಶಗಳಿದ್ದವು. 2021ರಿಂದ 2023ರವರೆಗಿನ ಒಂಬತ್ತನೆಯ ಸುತ್ತಿನಲ್ಲಿ 39 ದೇಶಗಳಾದವು. ಆಯಾ ದೇಶದ ವಿದ್ವಾಂಸರು ಹಳ್ಳಿ ಪಟ್ಟಣಗಳಿಗೆ ಜನರನ್ನು ಕಳುಹಿಸಿ, ದೇಶವೊಂದಕ್ಕೆ 1,200ರಿಂದ 2,400 ವಯಸ್ಕರನ್ನು, ಅವರವರು ಬಯಸಿದ ಭಾಷೆಯಲ್ಲಿ ಮುಖಾಮುಖಿಯಾಗಿ ಪ್ರಶ್ನಿಸುತ್ತಾರೆ; ಫಲಿತಾಂಶವನ್ನು ಸರ್ವರಿಗೂ ತೆರೆದಿಡುತ್ತಾರೆ.

ಆ ಸುತ್ತಿನಲ್ಲಿ ನೂರಕ್ಕೆ 66 ಮಂದಿ, ಇತರ ಯಾವ ಆಡಳಿತಕ್ಕಿಂತಲೂ ಪ್ರಜಾಪ್ರಭುತ್ವವೇ ಲೇಸೆಂದರು. ಆದರೆ ಚುನಾಯಿತ ನಾಯಕರು ಸ್ವಾರ್ಥಕ್ಕಾಗಿ ಅಧಿಕಾರವನ್ನು ದುರುಪಯೋಗಪಡಿಸಿದರೆ ಸೈನ್ಯವು ಆಡಳಿತವನ್ನು ವಹಿಸಿಕೊಳ್ಳಬಹುದೆಂದು 53 ಮಂದಿ ಒಪ್ಪಿದರು. ಮೇಲ್ನೋಟಕ್ಕೆ ಇದು ವಿರೋಧವೆಂದು ತೋರಿದರೂ, ಕೆಟ್ಟಿರುವುದು ಪ್ರಜೆಗಳ ಬುದ್ಧಿಯಲ್ಲ, ಅಧಿಕಾರಾರೂಢರ ನಡತೆ ಎಂಬುದೇ ನಮ್ಮ ಅಭಿಪ್ರಾಯ. ಹಾಗೆಂದು ಬಂದೂಕನ್ನು ಮೊರೆಹೋಗುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತಾದೀತು. ಮಾಲಿಯ ಸೈನಿಕ ಸರಕಾರವು 2025ರ ಮೇ ತಿಂಗಳಲ್ಲಿ ದೇಶದ ಸಮಸ್ತ ರಾಜಕೀಯ ಪಕ್ಷಗಳನ್ನೂ ವಿಸರ್ಜಿಸಿಬಿಟ್ಟಿತು. ದೋಷವನ್ನು ತಿದ್ದಲು ಬಂದವರು ದೂರು ಹೇಳುವ ಬಾಯನ್ನೇ ಮುಚ್ಚಿದರು.

ಬೇರೆ ಮಾರ್ಗವಿಲ್ಲವೆ? ಉಂಟೆಂಬುದಕ್ಕೆ ಮಲಾವಿ ದೇಶವೇ ಸಾಕ್ಷಿ. 2019ರ ಅಧ್ಯಕ್ಷ ಚುನಾವಣೆಯ ಲೆಕ್ಕಪತ್ರಗಳಲ್ಲಿ ಅಂಕಿಗಳನ್ನು ಬಿಳಿಯ ಬಣ್ಣ ಬಳಿದು ತಿದ್ದಲಾಗಿತ್ತೆಂಬ ದೂರು ಎದ್ದಿತು. ಐವರು ನ್ಯಾಯಾಧೀಶರು ತಿಂಗಳುಗಟ್ಟಲೆ ಸಾಕ್ಷ್ಯವನ್ನು ಪರಿಶೀಲಿಸಿ 2020ರ ಫೆಬ್ರವರಿ 3ರಂದು ಆ ಚುನಾವಣೆಯನ್ನು ರದ್ದುಗೊಳಿಸಿದರು. ಜೂನ್‌ನಲ್ಲಿ ನಡೆದ ಮರುಚುನಾವಣೆಯಲ್ಲಿ ಅಧ್ಯಕ್ಷ ಮುಥಾರಿಕಾ ಸೋತು ಚಕ್ವೇರಾ ಗೆದ್ದರು. 2025ರಲ್ಲಿ ಚಕ್ವೇರಾ ಸೋತಾಗ ಸೋಲನ್ನು ಒಪ್ಪಿಕೊಂಡರು. ಮುಥಾರಿಕಾ ಮರಳಿ ಪದವಿಗೆ ಬಂದರು. ಖಡ್ಗವು ಮಾಡಲಾರದುದನ್ನು ಸಾಕ್ಷ್ಯವು ಮಾಡಿತು. ಲೋಕಾಭಿಪ್ರಾಯದ ಸಂಶೋಧನೆಯೂ ಅಂಥದೇ ಸಾಕ್ಷ್ಯವಾಗಿದೆ: ಇಬ್ಬರ ಚುನಾವಣೆಗಳ ನಡುವಣ ಕಾಲದಲ್ಲಿ ಪ್ರಜೆಯು ಕೊಡುವ ಹೇಳಿಕೆ ಅದು.

ಇಂಥ ಕಾರ್ಯಕ್ಕೆ ಹಣ ಬರುವುದೆಲ್ಲಿಂದ ಎಂಬುದೇ ಈಗಿನ ಚಿಂತೆ. ಆಫ್ರೋಬ್ಯಾರೊಮೀಟರ್‌ಗೆ ನೆರವಾಗುತ್ತಿದ್ದವುಗಳಲ್ಲಿ ಅಮೆರಿಕಾ ಸರಕಾರದ ಯು.ಎಸ್.ಏಡ್ ಸಂಸ್ಥೆಯೂ ಒಂದು. 2025ರಲ್ಲಿ ಆ ಸಂಸ್ಥೆಯೇ ಮುಚ್ಚಿಹೋಯಿತು. ಪರದೇಶದ ಬೊಕ್ಕಸವನ್ನು ನಂಬಿದ ಸತ್ಕಾರ್ಯವು ಆ ದೇಶದ ಮನಸ್ಸು ಬದಲಾದ ದಿನವೇ ಕುಸಿಯುವುದೆಂಬ ಪಾಠವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಬೇಕಾಗಿಲ್ಲ. ಆದುದರಿಂದ ಆಫ್ರಿಕಾದ ವಿಶ್ವವಿದ್ಯಾನಿಲಯಗಳೂ ಧನಿಕರೂ ಪರಸ್ಪರ ಕೈಗೂಡಿಸಿ ಈ ಭಾರವನ್ನು ಹೊರಬೇಕು. ಸರಕಾರಗಳು ಕೊಟ್ಟರೂ ಪ್ರಶ್ನೆಗಳನ್ನು ತಿದ್ದುವ ಹಕ್ಕನ್ನು ಬೇಡಬಾರದು. ಹೊರಗಿನವರ ಸ್ನೇಹವು ಬೇಕು, ಯಜಮಾನಿಕೆಯು ಬೇಡ. ಕಹಿಯಾದ ಉತ್ತರವನ್ನು ಇಂದು ಕೇಳಲೊಲ್ಲದ ಸರಕಾರವು ನಾಳೆ ಅದನ್ನು ಸೈನಿಕರ ಬೂಟಿನ ಸಪ್ಪಳದಲ್ಲಿ ಕೇಳಬೇಕಾದೀತು.